ಠಾಣೆಯ ಕೆಂಪು ಪೆನ್ಸಿಲ್

ನಮ್ಮ ಠಾಣೆಯಲ್ಲಿ ಕಳುವಾದ ವಸ್ತುಗಳಿಗೆಲ್ಲ ಇಂಗ್ಲಿಷಿನ ದೊಡ್ಡಕ್ಷರ, ಅಂದರೆ ಕ್ಯಾಪಿಟಲ್, ಹಾಕಿ ಬರೆಯುವುದು ರೂಢಿಯಾಗಿತ್ತು. ಇಂಗ್ಲಿಷಿನಲ್ಲಿ ಹಸು ಎಂಬ ಪದ ವಾಕ್ಯದ ನಡುವೆ ಬಂದರೆ ಚಿಕ್ಕಕ್ಷರದಲ್ಲೇ ಬರಬೇಕೆಂದು ಶಾಲೆಯಲ್ಲಿ ನಾವೂ ಕಲಿತಿದ್ದೆವು. ಆದರೆ ಅದೇ ಹಸು ಕಳುವಾಗಿ ಪೊಲೀಸ್ ಕಾಗದ ಹತ್ತಿದ ಮೇಲೆ ಅದರ ಮರ್ಯಾದೆಯೇ ಬೇರೆ. ಕದ್ದ ಕೋಳಿಗೆ ದೊಡ್ಡಕ್ಷರ, ಮಚ್ಚಿಗೆ ದೊಡ್ಡಕ್ಷರ, ರಮ್ ಬಾಟಲಿಯನ್ನಂತೂ ಕೇಳುವುದೇ ಬೇಡ. ದೂರು ಕೊಟ್ಟವನ ಹೆಸರು, ಅವನ ಊರು, ವಾರ, ತಿಂಗಳು ಮಾತ್ರ ಚಿಕ್ಕಕ್ಷರಗಳಲ್ಲಿ ಮೂಲೆ ಹಿಡಿದು ಕೂತಿರುತ್ತಿದ್ದವು.

ಇದನ್ನೆಲ್ಲ ನಿಲ್ಲಿಸಿದವರು ಮಿಸ್ ಅವಿಲ್ಡ ಪಾಂಪಿ. ಎಸಿಕ್ವಿಬೊ ಕಡಲತೀರದಲ್ಲಿರುವ ನಮ್ಮ ಪೇಷನ್ಸ್ ಎಂಬ ಊರಿನ ಠಾಣೆಗೆ ಅವರು ಟೈಪಿಸ್ಟ್ ಆಗಿ ಬಂದಾಗ ಅವರಿಗೆ ಇಪ್ಪತ್ತಾರು ವರ್ಷ. ಅದಕ್ಕೆ ಮುಂಚೆ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಎತ್ತರದ ಹೆಂಗಸು, ಬಿಗಿಯಾಗಿ ಹೆಣೆದ ಕೂದಲು, ಸದಾ ಬಿಳಿ ಬ್ಲೌಸು. ಮೊದಲ ನಾಲ್ಕು ವರ್ಷ ನಾವು ಗೀಚಿ ಕೊಟ್ಟದ್ದನ್ನು ಗೀಚಿದ ಹಾಗೇ ಟೈಪು ಮಾಡಿದರು. ಯಾರನ್ನೂ ಏನೂ ಕೇಳಲಿಲ್ಲ. ಆಮೇಲೆ ನನ್ನಿಂದಾಗಿ ಒಂದು ಅವಮಾನ ನಡೆಯಿತು.

ಆಗ ನಾನು ಹೊಸ ಕಾನ್‌ಸ್ಟೇಬಲ್. ದೋಣಿಯಲ್ಲಿ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಮ್ಯಾಜಿಸ್ಟ್ರೇಟರು ನಾನು ಬರೆದ ಹೇಳಿಕೆಯೊಂದನ್ನು ತುಂಬಿದ ಕೋರ್ಟಿನಲ್ಲಿ ಗಟ್ಟಿಯಾಗಿ ಓದಿದರು. ‘ಎರಡು ಬಾಟಲಿ ರಮ್ ಕುಡಿದು ರಸ್ತೆ ಬದಿಯಲ್ಲಿ ಮೇಯುತ್ತಿದ್ದ ಹಸುವನ್ನು ಆರೋಪಿಯು ಹೊಡೆದನು.’ ಓದಿ ಮುಗಿಸಿ, ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

“ಅಲ್ಲ ಕಾನ್‌ಸ್ಟೇಬಲ್, ಆ ಹಸು ಎರಡೂ ಬಾಟ್ಲಿನ ಒಂದೇ ಉಸಿರಿಗೆ ಏರಿಸ್ತೋ, ಮಧ್ಯ ಮಧ್ಯ ಹುಲ್ಲು ನಂಚ್ಕೊಂಡ್ತೋ?”

ಕೋರ್ಟಿಗೆ ಕೋರ್ಟೇ ನಕ್ಕಿತು. ಆರೋಪಿಯೂ ನಕ್ಕ. ನಮ್ಮ ಇನ್ಸ್‌ಪೆಕ್ಟರ್ ಮಾತ್ರ ನಗಲಿಲ್ಲ. ಠಾಣೆಗೆ ಬಂದವರೇ ಟೋಪಿಯನ್ನು ಮೇಜಿನ ಮೇಲೆ ಕುಕ್ಕಿ, “ಇನ್ಮೇಲೆ ತಪ್ಪಿರೋ ಒಂದೇ ಒಂದು ಕಾಗದ ಇಲ್ಲಿಂದ ಆಚೆ ಹೋಗ್ಲಿ, ಬರ್ದೋನ್ನ ಸೊಳ್ಳೆ ಕಾಡಿಗೆ ಎತ್ತಾಕ್ತೀನಿ. ಮಿಸ್ ಪಾಂಪಿ, ಈ ಕತ್ತೆಗಳನ್ನ ನಿಮ್ ಕೈಗೆ ಒಪ್ಸಿದೀನಿ” ಎಂದರು.

ಅಂದಿನಿಂದ ಒಂದು ಪದ್ಧತಿ ಬಂತು. ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೇ ನಾವು ಕಚ್ಚಾ ಕಾಗದದಲ್ಲಿ ಬರೆದುಕೊಳ್ಳುವುದು. ಮಿಸ್ ಅವಿಲ್ಡ ಅದನ್ನು ಕೆಂಪು ಪೆನ್ಸಿಲಿನಲ್ಲಿ ತಿದ್ದುವುದು, ತಿದ್ದಿದ್ದನ್ನು ಟೈಪು ಮಾಡುವುದು. ಟೈಪಾದ ಕಾಗದಕ್ಕೆ ಸಾಕ್ಷಿ ಸಹಿ ಹಾಕಬೇಕು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಬೇಕು. ಕಚ್ಚಾ ಕಾಗದಗಳನ್ನೆಲ್ಲ ಶುಕ್ರವಾರ ಠಾಣೆಯ ಹಿಂದೆ ಸುಟ್ಟುಬಿಡಬೇಕು. ಸಾಕ್ಷಿಯ ಮಾತನ್ನು ಯಾರೂ ಮುಟ್ಟಬಾರದು ಎಂಬ ಕಾನೂನು ನಮಗೆ ಗೊತ್ತಿರಲಿಲ್ಲ ಎಂದಲ್ಲ. ಮಾತನ್ನು ಮುಟ್ಟುತ್ತಿದ್ದೇವೆ ಎಂದು ನಮಗೆ ಅನಿಸುತ್ತಲೇ ಇರಲಿಲ್ಲ. ಮುಖ ತೊಳೆಸಿ ಕಳಿಸುತ್ತಿದ್ದೇವೆ ಎಂದುಕೊಂಡಿದ್ದೆವು. ನಮ್ಮ ಮನೆಮಾತನ್ನು ನಾವೇ ಮುರುಕು ಇಂಗ್ಲಿಷ್ ಎಂದು ಕರೆದುಕೊಳ್ಳುವ ಜನ ನಾವು. ಮೀನು ಮಾರುವ ಹೆಂಗಸೊಬ್ಬಳು ತನ್ನ ಹೇಳಿಕೆಯನ್ನು ಎರಡೆರಡು ಸಲ ಓದಿಸಿಕೊಂಡು, “ಇಷ್ಟ್ ಚೆಂದಾಗಿ ಮಾತಾಡ್ದೆನಾ ನಾನು? ಇನ್ನೊಂದ್ಸಲ ಓದಪ್ಪ” ಎಂದು ಹಿಗ್ಗಿದ್ದಳು.

ಮಿಸ್ ಅವಿಲ್ಡ ಬೈಯುತ್ತಿರಲಿಲ್ಲ. ಕಾಗದವನ್ನು ನಮ್ಮ ಕಡೆ ತಿರುಗಿಸಿ ಪೆನ್ಸಿಲಿನ ತುದಿಯಲ್ಲಿ ಕುಟ್ಟುತ್ತಿದ್ದರು, ಅಷ್ಟೇ.

“ಡೆನ್ಜಿಲ್, ನಿನ್ನೆ ನಡೆದದ್ದನ್ನು ಇವತ್ತು ನಡೆಯುತ್ತಿರುವ ಹಾಗೆ ಬರೆದಿದ್ದೀಯ. ಕಳ್ಳ ಇನ್ನೂ ಓಡುತ್ತಲೇ ಇದ್ದಾನೋ?”

“ಇಲ್ಲ ಮಿಸ್, ಒಳಗಡೆ ಲಾಕಪ್ಪಲ್ಲಿ ಮಲಗಿದಾನೆ” ಎಂದೆ ನಾನು.

“ಹಾಗಾದರೆ ವಾಕ್ಯದಲ್ಲೂ ನಿಲ್ಲಿಸು. ಇಲ್ಲಿ ನೋಡು, ಕಳ್ಳ ಒಬ್ಬ, ಕ್ರಿಯಾಪದ ಇಬ್ಬರದು. ಇಲ್ಲಿ ಪೂರ್ಣವಿರಾಮ ಇಡಬೇಕಾದ ಕಡೆ ಅಲ್ಪವಿರಾಮ ಇಟ್ಟು ಮುಂದಕ್ಕೆ ಓಡಿದ್ದೀಯ. ಮತ್ತೆ ಇಂಗ್ಲಿಷಿನಲ್ಲಿ ‘ನಾನು’ ಅನ್ನುವುದು ಒಂದೇ ಒಂದು ಅಕ್ಷರ. ಅದನ್ನೂ ಚಿಕ್ಕದಾಗಿ ಬರೆಯುತ್ತೀಯಲ್ಲ, ಹೇಳಿದ ಮನುಷ್ಯನಿಗೆ ಅಷ್ಟೂ ಬೆಲೆ ಬೇಡವಾ?”

ಅವರು ಹಾಗೆಯೇ ಮಾತಾಡುತ್ತಿದ್ದರು, ಅಚ್ಚು ಹಾಕಿದ ಪುಸ್ತಕದಂತೆ. ಸಂತೆಯಲ್ಲಿ ಅಲಸಂದೆಕಾಯಿ ಚೌಕಾಸಿ ಮಾಡುವಾಗಲೂ ಅವರ ವಾಕ್ಯಕ್ಕೆ ತಲೆ, ಬಾಲ ಎರಡೂ ಇರುತ್ತಿದ್ದವು. ನಮ್ಮೂರ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿರಲಿಲ್ಲ.

ಅವರಿಗೆ ಮದುವೆಯಾಗಲಿಲ್ಲ. ತಾಯಿ ಬೇಗ ತೀರಿಕೊಂಡಿದ್ದರಿಂದ ಒಂಬತ್ತು ವರ್ಷ ಚಿಕ್ಕವನಾದ ತಮ್ಮ ಎಗ್ಬರ್ಟನನ್ನು ಸಾಕಿದರು. ಅವನು ದೊಡ್ಡವನಾಗಿ ಸಮುದ್ರದ ಏರಿಯಲ್ಲಿ ತೂಬು ಕಾಯುವ ಕೆಲಸಕ್ಕೆ ಸೇರಿದ. ಇಳಿತದಲ್ಲಿ ಬಾಗಿಲೆತ್ತಿ ಹೊಲದ ನೀರು ಹೊರಬಿಡುವುದು, ಭರತ ಬರುವ ಮುಂಚೆ ಮುಚ್ಚುವುದು. ಸಮುದ್ರ ಎಂದಾದರೂ ಊಟದ ಹೊತ್ತು ನೋಡಿ ಏರಿಳಿಯುತ್ತದೆಯೇ? ಅವನು ಒಂದು ದಿನ ಒಂಬತ್ತಕ್ಕೆ ಬರುತ್ತಿದ್ದ, ಇನ್ನೊಂದು ದಿನ ಮೂರಕ್ಕೆ. ಮಿಸ್ ಅವಿಲ್ಡ ಠಾಣೆಗೆ ಹೊರಡುವ ಮುಂಚೆ ನೀಲಿ ಅಂಚಿನ ಪಿಂಗಾಣಿ ತಟ್ಟೆಯಲ್ಲಿ ಅನ್ನ, ಉಪ್ಪುಮೀನು ಬಡಿಸಿ, ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಮೇಜಿನ ಮೇಲಿಟ್ಟು ಬರುತ್ತಿದ್ದರು. ಮೂವತ್ತು ದಾಟಿದ ಮೇಲೂ ಎಗ್ಬರ್ಟ್ ಠಾಣೆಯ ಕಿಟಕಿಯಿಂದ ತಲೆ ತೂರಿಸಿ ರೇಗಿಸುತ್ತಿದ್ದ.

“ಅಕ್ಕಾ, ಇವತ್ತು ಇಡ್ಬೇಡ ಅಂದ್ನಲ್ಲ, ತೂಬಿನ ಹತ್ರಾನೇ ಉಂಡೆ. ಯಾಕೆ ಸುಮ್ನೆ ಮುಚ್ಚಿಡ್ತೀಯ? ಬೆಕ್ಕು ದಪ್ಪ ಆಗಿದ್ದೇ ಬಂತು.”

“ವಾಕ್ಯವನ್ನು ನೆಟ್ಟಗೆ ಹೇಳು. ಆಮೇಲೆ ಯೋಚನೆ ಮಾಡುತ್ತೇನೆ.”

ಒಂದು ಮಂಗಳವಾರ ಬೆಳಿಗ್ಗೆ ಎಗ್ಬರ್ಟ್ ತೂಬಿನಿಂದ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದಾಗ ಭತ್ತದ ಲಾರಿ ಅವನ ಮೇಲೆ ಹರಿಯಿತು. ಓಡಿಸುತ್ತಿದ್ದವನು ಅಕ್ಕಿ ಗಿರಣಿ ಧಣಿಯ ಮಗ. ನೋಡಿದವರು ಒಬ್ಬರೇ, ಹಸು ಕಾಯುವ ಬಲ್ಗೋಬಿನ್. ಊರಿಗೆಲ್ಲ ಬಲ್ಲಿ ಅಂಕಲ್. ಓದು ಬರಹವಿಲ್ಲದ ಎಪ್ಪತ್ತರ ಮುದುಕ. ಅವರ ಹೇಳಿಕೆ ನಿಂತರೆ ಗಿರಣಿಯ ಮಗನಿಗೆ ಜೈಲು, ಬಿದ್ದರೆ ಏನೂ ಇಲ್ಲ. ಅದು ಠಾಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವತ್ತು ಮಧ್ಯಾಹ್ನ ನನ್ನ ಮುಂದೆ ಬೆಂಚಿನ ಮೇಲೆ ಕೂತು, ಅಂಗಿಯ ಮೇಲಿನ ರಕ್ತ ಒರೆಸಿಕೊಳ್ಳುತ್ತಲೇ ಬಲ್ಲಿ ಅಂಕಲ್ ಹೇಳಿದರು:

“ಹೊತ್ತು ಆಗ್ಲೆ ಮಸೀದಿ ಮುಂದ್ಲ ತೆಂಗಿನ್ ಮರದ ತಲೆ ಮುಟ್ಟಿತ್ತು ಸಾಹೇಬ್ರೆ. ನಾನು ಹಸ ಹೊಡ್ಕಂಡು ಕಾಲ್ವೆ ಏರಿ ಮ್ಯಾಲೆ ನಿಂತಿದ್ದೆ. ಎಗ್ಬರ್ಟು ತನ್ ಪಾಡಿಗ್ ತಾನು ರಸ್ತೆ ಅಂಚ್ನಾಗೆ ಸೈಕಲ್ ತುಳ್ಕಂಡ್ ಬತ್ತಿದ್ದ. ಆ ಲಾರಿ ಐತಲ್ಲ, ನೊಣ ಕಚ್ಚಿದ್ ಗೂಳಿ ಹಂಗೆ ಅತ್ಲಾಗಿತ್ಲಾಗ್ ಆಡ್ಕಂಡ್ ಬಂತು. ನನ್ನಿಂದ ಒಂದ್ ಕೂಗಳತೆ, ಅಷ್ಟೆಯ. ಹಾರನ್ನೂ ಇಲ್ಲ, ಏನೂ ಇಲ್ಲ. ಎತ್ತಿ ಒಗೀತು ಹುಡುಗುನ್ನ. ಓಡೋಗಿ ತಲೆ ತೊಡೆ ಮ್ಯಾಲ್ ಇಟ್ಕಂಡೆ. ಇನ್ನೂ ಉಸ್ರಿತ್ತು. ‘ಬಲ್ಲಿ ಅಂಕಲ್, ಅಕ್ಕಂಗೇಳು, ಅನ್ನ ಮುಚ್ಚಿಡದ್ ಬ್ಯಾಡ’ ಅಂದ. ಆಮ್ಯಾಕೆ ಏನೂ ಅನ್ನಲಿಲ್ಲ.”

ಅವರು ಹೇಳಿದ್ದನ್ನು ಹೇಳಿದ ಹಾಗೇ ನಾನು ಬರೆದುಕೊಂಡೆ. ಇನ್ಸ್‌ಪೆಕ್ಟರ್ ಮಿಸ್ ಅವಿಲ್ಡರ ಮೇಜಿನ ಹತ್ತಿರ ಹೋಗಿ, “ನೀವು ಮನೆಗೆ ಹೋಗಿ. ಈ ಕಾಗದ ನಿಮಗೆ ಬೇಡ” ಎಂದರು.

“ನಾನು ಮನೆಗೆ ಹೋದರೆ ಇದನ್ನು ಟೈಪು ಮಾಡುವವರು ಯಾರು?” ಎಂದು ಮಿಸ್ ಅವಿಲ್ಡ ನನ್ನ ಕೈಯಿಂದ ಕಾಗದ ತೆಗೆದುಕೊಂಡರು.

ಅವರು ತಿದ್ದುವುದನ್ನು ನಾನು ನಿಂತು ನೋಡಿದೆ. ಎಗ್ಬರ್ಟನ ಹೆಸರನ್ನು ಅವಸರದಲ್ಲಿ ನಾನು ಚಿಕ್ಕಕ್ಷರದಲ್ಲಿ ಬರೆದಿದ್ದೆ. ಅದರ ಕೆಳಗೆ ಮೂರು ಗೀಟು ಎಳೆದು ದೊಡ್ಡದು ಮಾಡಿದರು. ಲಾರಿಗೆ ನಾನು ಕೊಟ್ಟಿದ್ದ ದೊಡ್ಡಕ್ಷರವನ್ನು ಹೊಡೆದು ಚಿಕ್ಕದು ಮಾಡಿದರು. ತೆಂಗಿನ ಮರದ ತಲೆ ಹೋಗಿ ಗಡಿಯಾರದ ಗಂಟೆ ಬಂತು. ಕೂಗಳತೆ ಹೋಗಿ ಗಜದ ಲೆಕ್ಕ ಬಂತು. ಗೂಳಿಯೂ ನೊಣವೂ ಹೋದವು. ಎಂದಿನಂತೆ ಎಲ್ಲವೂ ಅಚ್ಚುಕಟ್ಟಾಯಿತು. ಕೊನೆಗೆ ಎಗ್ಬರ್ಟ್ ಹೇಳಿದ ಸಾಲಿಗೆ ಬಂದರು. ಪೆನ್ಸಿಲ್ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅದರ ಮೇಲೆ ಈ ಕಡೆಯಿಂದ ಆ ಕಡೆಗೆ ನೇರವಾಗಿ ಒಂದು ಗೆರೆ ಎಳೆದರು.

“ಇದು ಕೇಸಿಗೆ ಸಂಬಂಧಪಡುವುದಿಲ್ಲ” ಎಂದರು.

ಟೈಪಾದ ಹಾಳೆಯನ್ನು ನಾನು ಬಲ್ಲಿ ಅಂಕಲ್‌ಗೆ ಓದಿ ಹೇಳಿದೆ. ಅವರು ಏನು ತಿಳಿದುಕೊಂಡರೋ ಕಾಣೆ. “ಸರಿಯಾಗೈತೆ ಬುಡಿ, ಮಿಸ್ಸು ಬರೆದ ಮ್ಯಾಲೆ” ಎಂದು ಹೆಬ್ಬೆಟ್ಟು ಒತ್ತಿದರು.

ಆ ಶುಕ್ರವಾರ ಕಚ್ಚಾ ಕಾಗದಗಳನ್ನು ಸುಡಲು ಹಿಂದೆ ಒಯ್ದವನು ನಾನು. ಅದೊಂದನ್ನು ಮಾತ್ರ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಒಬ್ಬ ಮನುಷ್ಯ ಸಾಯುವಾಗ ಅಕ್ಕನಿಗೆ ಹೇಳಿ ಕಳಿಸಿದ ಮಾತನ್ನು ನನ್ನ ಕೈಯಾರೆ ಬೆಂಕಿಗೆ ಹಾಕಲಾಗಲಿಲ್ಲ. ದುಃಖ ಸ್ವಲ್ಪ ಆರಿದ ಮೇಲೆ ಅವರಿಗೆ ಕೊಟ್ಟರಾಯಿತು ಅಂದುಕೊಂಡೆ. ಅದರಲ್ಲಿ ಬೇರೆ ಯಾವ ಯೋಚನೆಯೂ ಇರಲಿಲ್ಲ.

ಏಳು ತಿಂಗಳಿಗೆ ಕೇಸು ಬಂತು. ಗಿರಣಿಯವರು ರಾಜಧಾನಿ ಜಾರ್ಜ್‌ಟೌನಿನಿಂದ ವಕೀಲರನ್ನು ಕರೆಸಿದ್ದರು. ಮೆತ್ತಗಿನ ಮಾತಿನ ಮನುಷ್ಯ. ಬಲ್ಲಿ ಅಂಕಲ್‌ರನ್ನು ಒಂದು ಸಲವೂ ಗದರಲಿಲ್ಲ. “ನಿಮ್ ಬಾಯಲ್ಲೇ ಹೇಳಿ ಯಜಮಾನ್ರೆ, ನಿಧಾನ” ಎಂದು ಎಲ್ಲವನ್ನೂ ಹೇಳಿಸಿದರು. ಬಲ್ಲಿ ಅಂಕಲ್ ತೆಂಗಿನ ಮರ, ಗೂಳಿ, ಕೂಗಳತೆ ಎಲ್ಲವನ್ನೂ ಹೇಳಿದರು. ಒಂದು ಕೂದಲಿನಷ್ಟೂ ಹೆಚ್ಚು ಕಡಿಮೆ ಮಾಡಲಿಲ್ಲ. ಆಮೇಲೆ ವಕೀಲರು ನಮ್ಮ ಕಾಗದವನ್ನು ಎತ್ತಿ ಓದಿದರು:

‘ಬೆಳಿಗ್ಗೆ ಸುಮಾರು ಎಂಟು ಗಂಟೆಯ ಸಮಯದಲ್ಲಿ, ನಾನು ನಿಂತಿದ್ದ ಸ್ಥಳದಿಂದ ಅಂದಾಜು ಇನ್ನೂರು ಗಜ ದೂರದಲ್ಲಿ, ಸದರಿ ವಾಹನವು ನಿಯಂತ್ರಣ ತಪ್ಪಿದ ಸ್ಥಿತಿಯಲ್ಲಿ ಅತಿವೇಗವಾಗಿ ಚಲಿಸುತ್ತಿರುವುದನ್ನು ಸ್ಪಷ್ಟವಾಗಿ ಗಮನಿಸಿದೆನು.’

“ಯಜಮಾನ್ರೆ, ಇದು ನೀವು ಹೇಳಿದ್ದಾ?”

ಬಲ್ಲಿ ಅಂಕಲ್ ನನ್ನ ಕಡೆ ನೋಡಿದರು. ಆಮೇಲೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ಮಿಸ್ ಅವಿಲ್ಡರ ಕಡೆ ನೋಡಿದರು.

“ನಂಗೆ ಇಂಥಾ ಮಾತ್ ಬರಕಿಲ್ಲ ಸಾಹೇಬ್ರೆ.”

“ಇನ್ನೂರು ಗಜ ಅಂದ್ರೆ ಎಷ್ಟು, ಈ ಕಿಟಕೀಲಿ ತೋರಿಸ್ತೀರಾ?”

“ಗಜ ಪಜ ನಂಗ್ ಗೊತ್ತಿಲ್ಲ. ಕೂಗಳತೆ ಗೊತ್ತು.”

“ಹಾಗಾದ್ರೆ ಇದು ಯಾರ ಮಾತು?”

“ಪೋಲೀಸ್ನೋರ್ದಿರಬೇಕು.”

ಈ ಸಲ ಯಾರೂ ನಗಲಿಲ್ಲ. ವಕೀಲರು ನನ್ನನ್ನು ಕಟಕಟೆಗೆ ಕರೆಸಿದರು. ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೇ ಬರೆದಿರಾ ಎಂದು ಕೇಳಿದರು. ಹೌದು ಎಂದೆ. ಇದಕ್ಕೆ ಮುಂಚೆ ಬರೆದುಕೊಂಡ ಕಚ್ಚಾ ಕಾಗದ ಏನಾದರೂ ಇದೆಯೇ ಎಂದು ಕೇಳಿದರು.

ಅದು ನನ್ನ ಮನೆಯ ಟ್ರಂಕಿನಲ್ಲಿ, ಮದುವೆಯ ಕೋಟಿನ ಕೆಳಗೆ ಇತ್ತು. ಕೋರ್ಟಿನಿಂದ ಹತ್ತು ನಿಮಿಷದ ದಾರಿ. ತಂದು ತೋರಿಸಿದ್ದರೆ ಬಲ್ಲಿ ಅಂಕಲ್ ಮೊದಲ ದಿನವೂ ಇದನ್ನೇ ಹೇಳಿದ್ದರು ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಅದರ ಜೊತೆಗೆ ಹತ್ತು ವರ್ಷದಿಂದ ಠಾಣೆಯ ಪ್ರತಿಯೊಂದು ಹೇಳಿಕೆಯನ್ನೂ ನಾವು ಹೀಗೇ ತಿದ್ದಿದ್ದೇವೆ ಎಂಬುದೂ ಗೊತ್ತಾಗುತ್ತಿತ್ತು. ಇನ್ಸ್‌ಪೆಕ್ಟರ್ ನನ್ನನ್ನೇ ನೋಡುತ್ತಿದ್ದರು. ನನಗೆ ಇಬ್ಬರು ಮಕ್ಕಳಿದ್ದರು. ನನ್ನದು ಹೇಡಿಯ ಬುದ್ಧಿ, ಅದಕ್ಕೆ ಬೇರೆ ಹೆಸರು ಕೊಡುವುದಿಲ್ಲ.

“ಇಲ್ಲ ಸರ್” ಎಂದೆ.

ಹೇಳಿಕೆಯೇ ಸಾಕ್ಷಿಯದಲ್ಲ ಎಂದು ಅರ್ಧ ಗಂಟೆಯಲ್ಲಿ ಕೇಸು ವಜಾ ಆಯಿತು. ಹೊರಗೆ ಬಲ್ಲಿ ಅಂಕಲ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ಮಿಸ್ ಅವಿಲ್ಡರ ಮುಂದೆ ನಿಂತರು. “ಮಿಸ್ಸೇ, ನಾನ್ ಸರಿಯಾಗೇ ಹೇಳುದ್ನಲ್ವಾ? ಏನ್ ತಪ್ಪಾಯ್ತು ನನ್ನಿಂದ?”

“ನೀವು ಸರಿಯಾಗಿಯೇ ಹೇಳಿದಿರಿ, ಬಲ್ಲಿ ಅಂಕಲ್. ನಿಮ್ಮಿಂದ ಏನೂ ತಪ್ಪಾಗಿಲ್ಲ” ಎಂದು ಅವರ ಭುಜ ಮುಟ್ಟಿ, ಕೊಡೆ ಬಿಚ್ಚಿಕೊಂಡು ಮನೆಗೆ ಹೋದರು.

ಮಾರನೇ ದಿನ ಎಂಟಕ್ಕೆ ಸರಿಯಾಗಿ ಠಾಣೆಗೆ ಬಂದರು. ಪೆನ್ಸಿಲ್ ಹೆರೆದರು. ತೆಂಗಿನಕಾಯಿ ಕಳ್ಳತನದ ಕಾಗದವೊಂದು ಕಾಯುತ್ತಿತ್ತು, ತಿದ್ದಿದರು. ಹದಿನೈದು ವರ್ಷ ಹಾಗೇ ನಡೆಯಿತು. ಬಲ್ಲಿ ಅಂಕಲ್ ಎರಡು ವರ್ಷದಲ್ಲಿ ತೀರಿಕೊಂಡರು. ಇನ್ಸ್‌ಪೆಕ್ಟರಿಗೆ ವರ್ಗವಾಯಿತು. ಗಿರಣಿಯ ಮಗ ಈಗಲೂ ಅದೇ ರಸ್ತೆಯಲ್ಲಿ ಲಾರಿ ಓಡಿಸುತ್ತಾನೆ. ಮಿಸ್ ಅವಿಲ್ಡ ಎದುರಾದರೆ ನಿಧಾನ ಮಾಡಿ ಗುಡ್ ಮಾರ್ನಿಂಗ್ ಹೇಳುತ್ತಾನೆ. ಅವರೂ ಗುಡ್ ಮಾರ್ನಿಂಗ್ ಹೇಳುತ್ತಾರೆ. ಅವರು ಅತ್ತದ್ದನ್ನಾಗಲಿ ಶಪಿಸಿದ್ದನ್ನಾಗಲಿ ಊರಿನಲ್ಲಿ ಯಾರೂ ಕಂಡಿಲ್ಲ. ಎದುರು ಮೇಜಿನಲ್ಲಿ ಕೂತಿದ್ದ ನನಗೂ ಬರಬರುತ್ತ ಏನೂ ಅನಿಸದ ಹಾಗಾಯಿತು. ಜೋಮು ಹಿಡಿದ ಕಾಲನ್ನು ಎಳೆದುಕೊಂಡು ನಡೆದಂತೆ ಕೆಲಸ ಮಾಡಿದೆವು.

ಐವತ್ತೈದಕ್ಕೆ ಅವರು ನಿವೃತ್ತರಾದರು. ಕೇಕು ಕತ್ತರಿಸಿದೆವು, ಗೋಡೆ ಗಡಿಯಾರ ಕೊಟ್ಟೆವು. ಗಡಿಯಾರದ ಜೊತೆ ಕೊಟ್ಟ ಅಭಿನಂದನಾ ಪತ್ರದಲ್ಲಿ ಎರಡು ತಪ್ಪುಗಳಿದ್ದವು. ಅವರು ನೋಡಿದರು, ತಿದ್ದದೆ ಮಡಚಿ ಚೀಲಕ್ಕೆ ಹಾಕಿಕೊಂಡರು. ಅದೇ ನನ್ನನ್ನು ಕೊರೆಯಿತು. ಮುಂದಿನ ವಾರ ಒಂದು ಮಧ್ಯಾಹ್ನ ಟ್ರಂಕು ತೆಗೆದು, ಆ ಕಾಗದ ಜೇಬಿಗಿಟ್ಟುಕೊಂಡು ಅವರ ಮನೆಗೆ ಹೋದೆ.

ಮೆಟ್ಟಿಲು ಹತ್ತಿ ಒಳಗೆ ಹೋದರೆ ಮೇಜಿನ ಮೇಲೆ ನೀಲಿ ಅಂಚಿನ ತಟ್ಟೆ, ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿತ್ತು. ಅವರದು ಊಟ ಆಗಿತ್ತು. ಅವರ ತಟ್ಟೆ ತೊಳೆದು ಬೋರಲು ಹಾಕಿತ್ತು.

“ಮಿಸ್, ನಾನು ಕೋರ್ಟಲ್ಲಿ ಸುಳ್ಳು ಹೇಳ್ದೆ” ಎಂದು ಕಾಗದವನ್ನು ಮುಂದಿಟ್ಟೆ.

ಅವರು ಅದನ್ನು ಬಿಚ್ಚಲಿಲ್ಲ. “ಗೊತ್ತು. ಕಚ್ಚಾ ಕಾಗದಗಳನ್ನು ಪ್ರತಿ ಶುಕ್ರವಾರ ನಾನೇ ಎಣಿಸಿ ಕಟ್ಟಿ ಕೊಡುತ್ತಿದ್ದೆ. ಆ ಶುಕ್ರವಾರ ನೀನು ಸುಟ್ಟ ಮೇಲೆ ಹಿಂದೆ ಹೋಗಿ ಬೂದಿ ಕೆದಕಿ ನೋಡಿದೆ. ಉಳಿದ ಹಾಳೆಗಳ ಸುಡದ ಅಂಚೆಲ್ಲ ಸಿಕ್ಕಿತು, ಅಡ್ಡ ಗೆರೆ ಎಳೆದ ಆ ಹಾಳೆಯ ಒಂದು ಚೂರೂ ಸಿಗಲಿಲ್ಲ. ನೀನು ಒಳ್ಳೆಯದಕ್ಕೇ ತೆಗೆದುಕೊಂಡಿದ್ದೀಯ ಅಂತಲೂ ಗೊತ್ತಾಯಿತು.”

“ಮತ್ತೆ ಕೋರ್ಟಲ್ಲಿ ಯಾಕೆ ಸುಮ್ನಿದ್ರಿ? ಎದ್ದು ನನ್ ಕತ್ತಿನ್ ಪಟ್ಟಿ ಹಿಡೀಬೇಕಾಗಿತ್ತು.”

“ನಿನ್ನನ್ನು ಕೇಳಿದಾಗ ನಾನೂ ಆ ಕೋಣೆಯಲ್ಲೇ ಇದ್ದೆ, ಡೆನ್ಜಿಲ್. ನನಗೂ ಬಾಯಿತ್ತು. ಅದನ್ನು ಹಾಗೆ ಬರೆದವಳು ನಾನು ಅಂತ ಹೇಳಬಹುದಿತ್ತು. ನನ್ನ ಕೆಲಸದಲ್ಲಿ ತಪ್ಪಿದೆ ಅಂತ ಅಷ್ಟು ಜನರ ಮುಂದೆ ಹೇಳುವುದಕ್ಕೆ ನಾಲಿಗೆ ಏಳಲಿಲ್ಲ. ತಮ್ಮನಿಗಿಂತ ಅದೇ ದೊಡ್ಡದಾಯಿತು.”

ನಾನು ಮುಚ್ಚಿದ್ದ ತಟ್ಟೆಯ ಕಡೆ ನೋಡಿದೆ. ಅದು ಅವರಿಗೆ ಕಂಡಿತು.

“ದಿನವೂ ಇಡುತ್ತೇನೆ. ಸಂಜೆ ಕೋಳಿಗೆ ಹಾಕುತ್ತೇನೆ. ಅವನು ಬೇಡ ಅಂದ ಮಾತು ಕಾಗದದಲ್ಲಿ ಇಲ್ಲವಲ್ಲ, ನಾನೇ ಹೊಡೆದು ಹಾಕಿದೆ. ಅದಿದ್ದರೆ ಇಡುವುದನ್ನು ನಿಲ್ಲಿಸಬೇಕಾಗುತ್ತಿತ್ತು. ಕೇಸಿಗೆ ಸಂಬಂಧವಿಲ್ಲ ಅಂದೆ ನಿನಗೆ. ಅದೂ ಸುಳ್ಳೇ.”

ಆಮೇಲೆ ಕಾಗದವನ್ನು ನನ್ನ ಕಡೆಗೆ ತಳ್ಳಿದರು. “ಓದು. ಅವರು ಹೇಳಿದ ಹಾಗೇ ಓದು. ಕೆಂಪಿನ ಕಡೆ ನೋಡಬೇಡ.”

ಓದಿದೆ. ತೆಂಗಿನ ಮರ, ಕಾಲುವೆ ಏರಿ, ಗೂಳಿ, ಕೂಗಳತೆ. ನನ್ನ ಕೆಟ್ಟ ಕೈಬರಹ, ಚಿಕ್ಕಕ್ಷರದ ಎಗ್ಬರ್ಟ್. ಕೆಂಪು ಗೆರೆಯ ಕೆಳಗಿನ ಸಾಲಿಗೆ ಬಂದಾಗ ನಿಲ್ಲಿಸಿದೆ. ಆ ಸಾಲನ್ನು ಮಿಸ್ ಅವಿಲ್ಡ ಹೇಳಿದರು. ಅವರಿಗೆ ಕಾಗದ ಬೇಕಿರಲಿಲ್ಲ.

“ಅಕ್ಕಂಗೇಳು, ಅನ್ನ ಮುಚ್ಚಿಡದ್ ಬ್ಯಾಡ.”

ನಮ್ಮೂರ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಆಮೇಲೆ ಅವರು ಮೇಲಿನ ತಟ್ಟೆ ತೆಗೆದು, ಕೆಳಗಿನದನ್ನು ನನ್ನ ಮುಂದಕ್ಕೆ ಸರಿಸಿ, ಚಮಚ ಇಟ್ಟರು.

“ಉಣ್ಣು ಡೆನ್ಜಿಲಾ” ಎಂದರು.

ಅನ್ನ ಆರಿ ತಣ್ಣಗಾಗಿತ್ತು, ಮೀನು ಉಪ್ಪಾಗಿತ್ತು. ಒಂದು ಅಗುಳೂ ಬಿಡದೆ ಉಂಡೆ. ಅವರು ಎರಡೂ ತಟ್ಟೆಗಳನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಸ್ಟೂಲು ಹತ್ತಿ ಬೀರುವಿನ ಮೇಲಿನ ಖಾನೆಯಲ್ಲಿಟ್ಟು ಬಾಗಿಲು ಹಾಕಿದರು.